ಏನೂ ನೇಯದ ಮಗ್ಗ

ಸೊಲ್ಲಾಪುರದ ಅಶೋಕ ಚೌಕಿನ ಹಿಂದ
ಮೊದಲು ಕಾರಖಾನಿ ಇದ್ದ ಪತ್ರಾಸಿನ ಶೆಡ್ಡಿನಾಗ
ಈಗೊಂದು ಜಿಮ್ಮು ಅದ.
ಗ್ವಾಡಿ ತುಂಬ ಕನ್ನಡಿ.
ನಮ್ಮ ಕಾಲಕ್ಕ ಆ ಗ್ವಾಡಿಗೆ ಅರಳಿ ಧೂಳು ಮೆತ್ತಿರತಿತ್ತು.
ಇಪ್ಪತ್ತೆರಡು ವರ್ಷ ಇದೇ ಛತ್ತಿನ ಕೆಳಗ
ಕಾಂಡಿ ಸುತ್ತಿದಾಕಿ ನಾನು, ಗುರುಬಾಯಿ.

ಡಾಕ್ಟರು ಎಲುವಿನ ಫೋಟೋ ಬೆಳಕಿಗೆ ಹಿಡಿದು
'ಜಾಳಾಗ್ಯಾವ' ಅಂದ್ರು.
ಜಾಳು ಅಂದ್ರ ನನಗ ಗೊತ್ತು:
ಹಾಸು ಸಡಲಾಗಿ ಹೊಕ್ಕು ಕಡಿಮಿ ಬಿದ್ದ ಬಟ್ಟಿ,
ಬೆಳಕು ಹಾಯ್ತದ, ಗಿರಾಕಿ ಒಲ್ಲೆ ಅಂತಾನ.
'ಭಾರ ಎತ್ತರಿ' ಅಂದ್ರು.
ಇಷ್ಟ ದಿನ ಎತ್ತಿದ್ದು ಮತ್ತೇನಿತ್ತೋ!

ಮೊದಲ ದಿನ ಬಾಗಿಲದಾಗ ನಿಂತೆ. ಕೈಯಾಗ ಚೀಲ.
ಒಳಗ ಕರೀ ಯಂತ್ರಗೋಳು, ತೋಳು ಚಾಚಿ,
ಹಗ್ಗ ನುಂಗಿ, ಹೊಟ್ಟ್ಯಾಗ ಕಬ್ಬಿಣ ಒಟ್ಟಿಕೊಂಡು.
ಯಾವುದರ ಮ್ಯಾಲ ಕೂಡೂದು, ಯಾವುದರಾಗ ಮಲಗೂದು,
ಯಾವುದು ಕಾಲಿಗೆ, ಯಾವುದು ಕೊರಳಿಗೆ
ಒಂದೂ ತಿಳೀಲಿಲ್ಲ.
ಒಬ್ಬ ಹುಡುಗ, ಕುತ್ತಿಗಿ ಅಂಬೂದ ಇಲ್ಲ ಅವಗ,
ಕಿವಿಯಾಗಿನ ಹಾಡು ತಗದು ಕೇಳಿದ:
'ಮಾವಶಿ, ಯಾರನ್ನ ಕರಿಲಿಕ್ಕೆ ಬಂದೀರಿ?'
'ಮಗನ್ನ' ಅಂದೆ.
ನನಗ ಮಕ್ಕಳಿಲ್ಲ.
ಆ ಇಲ್ಲದ ಮಗನ ದಾರಿ ಕಾಯಕೋತ
ಅರ್ಧ ತಾಸು ಬಾಕಿನ ಮ್ಯಾಲ ಕುಂತು ಎದ್ದು ಬಂದೆ.

ಎರಡನೇ ದಿನ ಯಾರೋ
'ಕಸದಾಕಿ ಬಂದಳು' ಅಂತ ಒಳಗ ಕೂಗಿ ಹೇಳಿದರು.
ನಾನೂ ಸುಮ್ಮನ ಅರಿವಿ ತಗೊಂಡೆ.
ಸಿಟ್ಟಿಗಲ್ಲ. ಅದು ನನಗ ಬರೂ ಕೆಲಸ.
ಹೊಸ್ತಾಗಿ ಬಂದಾಗ ಇರಪಣ್ಣ ಜಾಬರ್ ಹೇಳಿದ್ದ:
'ಮೊದಲ ಒರಸು. ಒರಸದ ಯಂತ್ರ ನಡಸಬ್ಯಾಡ.'
ಒರಸಿದೆ.
ಒರಸಿದಂಗ ಒರಸಿದಂಗ ಗುರುತು ಹತ್ತಿತು,
ಇದು ಗಾಲಿ, ಇದು ತಂತಿ ಹಗ್ಗ,
ಇವು ಜಗ್ಗಿದರ ಏಳೂ ಹಲಗಿ,
ಎಷ್ಟು ಏಳಬೇಕಂತ ಹೇಳೂ ಮೊಳಿ ಇದು.
ಅಯ್ಯ, ನಾಗಣಸೂರದ ನಮ್ಮ ಬಾವಿ ಗಡಗಡಿ
ಪ್ಯಾಟಿ ಅರಿವಿ ಉಟಗೊಂಡು ಕುಂತದ!
ಮೂಲ್ಯಾಗಿನ ಒಂದು ಗಾಲಿ ಕಿರ್ ಅಂತಿತ್ತು.
ಮರುದಿನ ಮನಿಂದ ಎಣ್ಣಿ ಡಬ್ಬಿ ಒಯ್ದೆ. ಎರಡ ಹನಿ.
ಕಿರ್ ನಿಂತಿತು.
ಇಡೀ ಜಿಮ್ಮು ನನ್ನ ಕಡೆ ನೋಡಿತು.

ಕಲಸೂ ಹುಡಿಗಿ ಸಾಯಲಿ ಓಡಿ ಬಂದಳು, ಕೈಯಾಗ ರಸೀದಿ ಪುಸ್ತಕ.
'ಫೀ ಕಟ್ಟೀರಿ, ನಿಮ್ಮ ಹೆಸರದ, ಮತ್ತ ಒರಸತೀರಿ ಯಾಕ?'
ಅವಳಿಗೆ ಕನ್ನಡ ಅರ್ಧ, ನನಗ ಮರಾಠಿ ಮುಕ್ಕಾಲು.
'ಕುಂದರ್ರಿ.'
ಕುಂತೆ. ಮೊಣಕಾಲು ನಡಗಿತು.
ಕನ್ನಡ್ಯಾಗ ನಾಲ್ಕು ಮಂದಿ ಗುರುಬಾಯಿ, ನಾಲ್ವರದೂ ನಡಗಿತು.
ಮೊಳಿ ತಗದು ಎಲ್ಲಕ್ಕಿಂತ ಮ್ಯಾಲಿನ ತೂತಿನಾಗ ಚುಚ್ಚಿದಳು.
ಐದು ಕಿಲೋ. ಒಂದು ಜ್ವಾಳದ ಹಿಟ್ಟಿನ ಚೀಲ.
'ಜಗ್ಗೂ ಮುಂದ ಉಸಿರು ಬಿಡ್ರಿ. ಹಳೂ.
ಇಳಸೂ ಮುಂದನೂ ಹಳೂ. ಸಪ್ಪಳ ಆಗಬಾರದು.'

ಸಪ್ಪಳ ಆಗಬಾರದು!
ಇದೇ ಶೆಡ್ಡಿನಾಗ ನಾವು
ಒಬ್ಬರ ತುಟಿ ಒಬ್ಬರು ಓದಕೋತ ಮಾತಾಡಿದವರು.
ನನ್ನ ಎಡಗಿವಿ ಇಲ್ಲೇ ಉಳೀತು.

ಜಗ್ಗಿದೆ. ಎದ್ದಿತು.
ಎಂಟು ಸಲ.
ಒಂಬತ್ತನೇದು ಅರ್ಧಕ್ಕ ನಿಂತು
ಒಲ್ಲೆ ಅಂತು; ಯಂತ್ರ ಅಲ್ಲ, ನನ್ನ ರಟ್ಟಿ.
'ಬಿಡ್ರಿ, ಇವತ್ತಿಗೆ ಇಷ್ಟ ಸಾಕು' ಅಂದಳು.
ಸಾಕು ಅಂತ ನನಗ ಯಾವ ಶೇಠನೂ ಅಂದಿದ್ದಿಲ್ಲ.

ರೂಢಿ ನೋಡ್ರಿ, ಬಗ್ಗಿ ಕೆಳಗ ನೋಡಿದೆ,
ಎಷ್ಟ ಮೊಳ ಆತು ಅಂತ.
ಚಾದರಿಲ್ಲ, ಟಾವೆಲ್ ಇಲ್ಲ.
ಇಷ್ಟ ಕಬ್ಬಿಣ ಏರಿ ಇಳಿದು
ಒಂದ ಎಳಿ ನೂಲೂ ಹೊರಗ ಬಿದ್ದಿಲ್ಲ.
ಯಾರ ಲೆಕ್ಕದಾಗೂ ಬರೀಲಿಕ್ಕೆ ಬರದ
ಎಂಟು ಸಲ.

ಮರುದಿನ ತುರುಬು ಕಟ್ಟಲಿಕ್ಕೆ ಕೈ ಏಳಲಿಲ್ಲ.
ಕೂದಲ ಬಿಟಗೊಂಡು ಹೊಸ್ತಲದಾಗ ಕುಂತು ನಕ್ಕೆ.
ಬುಧವಾರ ಮತ್ತ ಹೋಗೂದದ.
ಎಣ್ಣಿ ಡಬ್ಬಿ ಚೀಲದಾಗ ಇಟ್ಟೀನಿ,
ಕಿಡಕಿ ಕಡಿ ಯಂತ್ರದ ಗಾಲಿನೂ
ಸಣ್ಣಗ ಅಳಲಿಕತ್ತದ.